ಓದುಗರ ಪ್ರಶ್ನೆ: ಗುಡ್ಡದ ಓಟದಲ್ಲಿ ಕಾಲು ಉಳುಕಿದ ಮೇಲೆ

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಬ್ಯಾಂಕ್ ಉದ್ಯೋಗಿ, ವಯಸ್ಸು 41. ಮೂರು ವರ್ಷಗಳಿಂದ ಓಡುತ್ತಿದ್ದೇನೆ. ಬರುವ ಫೆಬ್ರವರಿಯಲ್ಲಿ ಮೊದಲ ಬಾರಿಗೆ 50 ಕಿ.ಮೀ. ಟ್ರೇಲ್ (ಗುಡ್ಡಗಾಡಿನ ಹಾದಿಯ) ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಅದರ ತಯಾರಿಗಾಗಿ ನವೆಂಬರ್ ಕೊನೆಯ ಭಾನುವಾರ ಕೈಮರದಲ್ಲಿ ಸ್ಕೂಟರ್ ನಿಲ್ಲಿಸಿ, ಕವಿಕಲ್ ಗಂಡಿ, ಅತ್ತಿಗುಂಡಿಯ ಕಡೆ ಹೋಗಿ, ಪರಿಚಯದವರ ತೋಟದ ಒಳದಾರಿಯಲ್ಲಿ ಸುತ್ತಿ ಹಿಂತಿರುಗುವ 36 ಕಿ.ಮೀ. ಓಟಕ್ಕೆ ಹೊರಟೆ. ಜೊತೆಗೆ ಬರಬೇಕಿದ್ದ ಗೆಳತಿಗೆ ಜ್ವರ ಬಂದದ್ದರಿಂದ ಒಬ್ಬಳೇ ಹೋದೆ. ಆರಕ್ಕೆ ಹೊರಡಬೇಕಾದವಳು ಹೊರಟದ್ದು ಏಳೂವರೆಗೆ. ಕೈಮರದಲ್ಲಿ ಎಳೆಬಿಸಿಲಿತ್ತು, ಜಾಕೆಟ್ಟನ್ನು ಸ್ಕೂಟರಿನ ಡಿಕ್ಕಿಯಲ್ಲೇ ಬಿಟ್ಟೆ. ಗಂಡಿಯಲ್ಲಿ ಮಂಜು, ಗಾಳಿ. ಹತ್ತಿಯ ಟೀ ಶರ್ಟ್ ಪೂರ್ತಿ ಒದ್ದೆಯಾಯಿತು. ಬೆರಳು ಮರಗಟ್ಟಿ ಚೀಲದ ಜಿಪ್ ಎಳೆಯಲಾಗಲಿಲ್ಲ, ಆಮೇಲೆ ತಿಂದರಾಯಿತೆಂದು ಮುಂದೆ ಹೋದೆ. ಎಡ ಶೂನೊಳಗೆ ಮರಳು ಸೇರಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಇಪ್ಪತ್ತನೆಯ ಕಿಲೋಮೀಟರಿನ ನಂತರ ಬಿಸಿಲೇರಿತು, ಒಂದು ಗಂಟೆಯೊಳಗೆ ಒಂದೂವರೆ ಲೀಟರ್ ನೀರು ಕುಡಿದೆ. ಹೊಟ್ಟೆ ತೊಳಸಿ ತಲೆ ನೋಯತೊಡಗಿತು, ಬೆರಳಿನ ಉಂಗುರ ಬಿಗಿಯಾಯಿತು. ತೋಟದೊಳಗೆ ಕವಲು ತಪ್ಪಿ ಬಹಳ ಕೆಳಗೆ ಇಳಿದುಹೋಗಿ ಮತ್ತೆ ಹತ್ತಬೇಕಾಯಿತು, ಅಷ್ಟರಲ್ಲಿ ಫೋನ್ ಆರಿಹೋಗಿತ್ತು. 31ನೆಯ ಕಿಲೋಮೀಟರಿನ ಇಳಿಜಾರಿನಲ್ಲಿ ಬಲಗಾಲು ಉಳುಕಿತು. ನೋವಿಗೆ ಐಬುಪ್ರೊಫೇನ್ ಮಾತ್ರೆ ನುಂಗಿ ಕುಂಟುತ್ತಿದ್ದವಳನ್ನು ತೋಟದ ಕೆಲಸಗಾರರ ಲೈನ್ ಮನೆಯವರು ಕೂರಿಸಿ, ಉಪ್ಪು ಹಾಕಿದ ನಿಂಬೆ ಶರಬತ್ತು ಕೊಟ್ಟರು. ತೋಟದ ಲೆಕ್ಕಪತ್ರ ನೋಡುವ ರೈಟರ್ ಜೀಪಿನಲ್ಲಿ ಕೈಮರಕ್ಕೆ ತಂದುಬಿಟ್ಟಾಗ ಸಂಜೆ ನಾಲ್ಕೂವರೆ. ಒಂದು ಗಂಟೆಗೆ ಬರುತ್ತೇನೆಂದು ಹೇಳಿದ್ದೆ. ನಮ್ಮ ಯಜಮಾನರು ನನ್ನನ್ನು ಹುಡುಕಿಕೊಂಡು ಮುಳ್ಳಯ್ಯನಗಿರಿಯ ಕಡೆಗೆ ಹೋಗಿದ್ದರು. ಹರಡನ್ನು (ಪಾದದ ಮೇಲಿನ ಕೀಲನ್ನು) ಬಿಗಿಯಾಗಿ ಹಿಡಿಯುವ ಎತ್ತರದ ಶೂ ಕೊಂಡರೆ ಮತ್ತೆ ಹೀಗಾಗದೆ ಇರುತ್ತದೆಯೆ? ಫೆಬ್ರವರಿಯ ಓಟವನ್ನು ಕೈಬಿಡಬೇಕೆ?
— ಹೆಸರು ಬೇಡ, ಚಿಕ್ಕಮಗಳೂರು

ಉತ್ತರ: ಮೊದಲು ಕಾಲಿನ ವಿಚಾರ, ಏಕೆಂದರೆ ಅದು ಕಾಯುವಂಥದ್ದಲ್ಲ. ಉಳುಕಿದ ತಕ್ಷಣವಾಗಲಿ ಈಗಾಗಲಿ ಆ ಕಾಲಿನ ಮೇಲೆ ಭಾರ ಬಿಟ್ಟು ನಾಲ್ಕು ಹೆಜ್ಜೆ ಇಡಲು ನಿಮ್ಮಿಂದ ಆಗುತ್ತದೆಯೇ ಎಂಬುದನ್ನು ನೋಡಿಕೊಳ್ಳಿ. ಹರಡಿನ ಎರಡೂ ಬದಿಯಲ್ಲಿ ಉಬ್ಬಿರುವ ಮೂಳೆಯ ಹಿಂಬದಿಯ ಅಂಚನ್ನು ಮತ್ತು ತುದಿಯನ್ನು, ಪಾದದ ಹೊರ ಅಂಚಿನ ನಡುವೆ ಕೈಗೆ ಸಿಗುವ ಗಂಟನ್ನು, ಒಳ ಅಂಚಿನಲ್ಲಿ ಕಮಾನಿನ ಮೇಲಿರುವ ಮೂಳೆಯನ್ನು ಬೆರಳಿನಿಂದ ಒತ್ತಿದಾಗ ಮೂಳೆಯೇ ನೋಯುವಂತಿದ್ದರೆ, ಅಥವಾ ಆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ತಡಮಾಡದೆ ಎಕ್ಸ್‌ರೇ ಮಾಡಿಸಬೇಕು. ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ರೂಪಿಸಿದ ಈ ಪರೀಕ್ಷಾ ಕ್ರಮವನ್ನು ಇಂದಿಗೂ ತುರ್ತು ಚಿಕಿತ್ಸಾ ಘಟಕಗಳಲ್ಲಿ ಬಳಸುತ್ತಾರೆ. ಅಂಥ ನೋವಿಲ್ಲವಾದರೆ ಅದು ಮೂಳೆಗಳನ್ನು ಜೋಡಿಸುವ ಅಸ್ಥಿರಜ್ಜು ಎಳೆದಿರುವ ಉಳುಕೇ ಇರಬಹುದು. ಮೊದಲ ಎರಡು ಮೂರು ದಿನ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಟ್ಟುಕೊಳ್ಳಿ, ಬಿಸಿ ಶಾಖವನ್ನೂ ತಿಕ್ಕಿ ನೀವಿಸಿಕೊಳ್ಳುವುದನ್ನೂ ದೂರವಿಡಿ. ಹಳ್ಳಿಗಳಲ್ಲಿ ಉಳುಕು ತೆಗೆಯುವವರ ಕೈಗೆ ಕಾಲು ಕೊಡುವ ರೂಢಿ ನಮ್ಮಲ್ಲಿದೆ, ಆದರೆ ಮೂಳೆ ಬಿರಿದಿಲ್ಲ ಎಂಬುದು ಖಚಿತವಾಗುವ ಮೊದಲು ದಯವಿಟ್ಟು ಹಾಗೆ ಮಾಡಬೇಡಿ.

ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ, ಮೂರನೆಯ ಸಲ ಕೊನೆಯಿಂದ ಮೊದಲಿನ ಕಡೆಗೆ ಓದಿದೆ. ನೀವೂ ಹಾಗೆ ಓದಿ ನೋಡಬೇಕೆಂದು ನನ್ನ ಕೋರಿಕೆ. ಕಾಲು ಏಕೆ ಉಳುಕಿತು? ಹಿಮ್ಮಡಿಯ ಬೊಬ್ಬೆಗೆ ಹೆದರಿ ನೀವು ಎಡಗಾಲನ್ನು ಅರ್ಧ ಮಾತ್ರ ಊರುತ್ತಿದ್ದಿರಿ, ಭಾರವೆಲ್ಲ ಬಲಗಾಲಿನ ಮೇಲೆ ಬೀಳುತ್ತಿತ್ತು, ಜೊತೆಗೆ ಮನೆಯವರು ಕಾಯುತ್ತಿದ್ದಾರೆಂಬ ಅವಸರದಲ್ಲಿ ಇಳಿಜಾರಿನಲ್ಲಿ ವೇಗ ಹೆಚ್ಚಿಸಿದ್ದಿರಿ. ಅವಸರ ಏಕೆ ಬಂತು? ಕವಲು ತಪ್ಪಿ ಸಮಯ ಹೋಗಿತ್ತು. ಕವಲು ಏಕೆ ತಪ್ಪಿತು? ಪರಿಚಯದ ತೋಟವೆಂದು ನೀವೇ ಬರೆದಿದ್ದೀರಿ. ಗೊತ್ತಿದ್ದ ದಾರಿಯನ್ನೇ ತಪ್ಪಿಸುವಷ್ಟು ನಿಮ್ಮ ತಲೆ ಮಂಕಾಗಿತ್ತು, ಏಕೆಂದರೆ ಅಷ್ಟು ಹೊತ್ತಿಗೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ತಿನ್ನಲಿಲ್ಲ ಏಕೆಂದರೆ ಬೆರಳು ಮರಗಟ್ಟಿ ಜಿಪ್ ಎಳೆಯಲಾಗಲಿಲ್ಲ. ಬೆರಳು ಮರಗಟ್ಟಿದ್ದು ಮೈ ಒದ್ದೆಯಾದದ್ದರಿಂದ, ಮೈ ಒದ್ದೆಯಾದದ್ದು ಜಾಕೆಟ್ ಡಿಕ್ಕಿಯಲ್ಲಿ ಉಳಿದದ್ದರಿಂದ. ನೀವು ಕೇಳಿರುವುದು ಶೂ ವಿಷಯ. ನನಗೆ ಕಂಡದ್ದು ಕೈಮರದಲ್ಲಿ ಉಳಿದುಹೋದ ಆ ಜಾಕೆಟ್.

ಚಿಕ್ಕಮಗಳೂರು ಪಟ್ಟಣ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಆರು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ ಎಂಬ ಸಾಮಾನ್ಯ ಲೆಕ್ಕದಂತೆ, ಪಟ್ಟಣಕ್ಕೂ ಗಿರಿಯ ತುದಿಗೂ ಗಾಳಿಯಿಲ್ಲದ ದಿನವೂ ಐದು ಡಿಗ್ರಿ ವ್ಯತ್ಯಾಸವಿರುತ್ತದೆ. ಗಂಡಿ ಎಂದರೇ ಬೆಟ್ಟಗಳ ನಡುವಿನ ಸಂದು. ಗಾಳಿ ಅಲ್ಲಿ ಒತ್ತಿಕೊಂಡು ನುಗ್ಗುತ್ತದೆ. ಒದ್ದೆಯಾದ ಹತ್ತಿಬಟ್ಟೆ ಮೈಗೆ ಅಂಟಿಕೊಂಡು ಬೇಗ ಒಣಗದೆ ದೇಹದ ಬಿಸಿಯನ್ನು ಹೀರುತ್ತಲೇ ಇರುತ್ತದೆ, ಆಗ ದೇಹವು ಒಳಗಿನ ಅಂಗಗಳನ್ನು ಬೆಚ್ಚಗಿಡಲು ಕೈಬೆರಳಿಗೆ ಹರಿಯುವ ರಕ್ತವನ್ನು ಕಡಿಮೆ ಮಾಡುತ್ತದೆ. ಬೆರಳು ಮಾತು ಕೇಳದಂತಾಗುವುದು ಹೀಗೆ. ಅದಕ್ಕಾಗಿಯೇ ಗಾಳಿ ತಡೆಯುವ ತೆಳು ಜಾಕೆಟ್ ಗುಡ್ಡದ ಓಟದಲ್ಲಿ ಯಾವಾಗಲೂ ಬೆನ್ನ ಮೇಲಿರಬೇಕು, ಕೈಮರದ ಬಿಸಿಲನ್ನು ನೋಡಿ ಅದನ್ನು ತೀರ್ಮಾನಿಸಬಾರದು. ತಿನ್ನುವ ಪದಾರ್ಥವೂ ಜಿಪ್ ಇಲ್ಲದ ಮುಂದಿನ ಜೇಬಿನಲ್ಲಿ, ಮರಗಟ್ಟಿದ ಕೈಗೂ ಸಿಗುವಂತಿರಬೇಕು. ನಾನು ಖರ್ಜೂರದ ಬೀಜ ತೆಗೆದು, ಬೆಲ್ಲದ ಕಡಲೆಮಿಠಾಯಿಯನ್ನು ಮನೆಯಲ್ಲೇ ತುಂಡು ಮಾಡಿ, ಎರಡನ್ನೂ ಬಾಯಿ ಕಟ್ಟದ ಪುಟ್ಟ ಬಟ್ಟೆಚೀಲದಲ್ಲಿ ಹಾಕಿಕೊಳ್ಳುತ್ತೇನೆ. ಹಲ್ಲಿನಿಂದ ಪೊಟ್ಟಣ ಹರಿಯುವ ಕಷ್ಟ ತಪ್ಪುತ್ತದೆ.

ಎಷ್ಟು ತಿನ್ನಬೇಕೆಂಬುದು ಮುಂದಿನ ಮಾತು. ನಮ್ಮ ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು ಸುಮಾರು 400ರಿಂದ 500 ಗ್ರಾಂ. ಏರುದಾರಿಯ ಓಟದಲ್ಲಿ ಅದು ಕೆಲವೇ ಗಂಟೆಗಳಲ್ಲಿ ಬರಿದಾಗುತ್ತದೆ. ಆದ್ದರಿಂದ ದೀರ್ಘ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗುತ್ತಿರಬೇಕು. ಮಧ್ಯಮ ಗಾತ್ರದ ಪಚ್ಚಬಾಳೆಯಲ್ಲಿ 25 ಗ್ರಾಂ ಆಸುಪಾಸು ಸಿಗುತ್ತದೆ, ಯಾಲಕ್ಕಿ ಬಾಳೆಯಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ. ಹಸಿವಾದಾಗ ತಿನ್ನುತ್ತೇನೆ ಎನ್ನುವ ಮನೆಯ ರೂಢಿ ಇಲ್ಲಿ ನಡೆಯದು. ಮೊದಲ ಮುಕ್ಕಾಲು ಗಂಟೆಯಿಂದಲೇ ಗಡಿಯಾರ ನೋಡಿ ತಿನ್ನತೊಡಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ಯಾವ ತಿಂಡಿಯೂ ಇಳಿಯುವುದಿಲ್ಲ.

ಇಡೀ ಪತ್ರದಲ್ಲಿ ನನ್ನನ್ನು ನಿಜವಾಗಿ ಕಾಡಿದ್ದು ಕಾಲಿಗಿಂತ ಆ ಉಂಗುರ. ಓಡುವಾಗ ಕೈ ಬೀಸುವುದರಿಂದ ಬೆರಳು ಸ್ವಲ್ಪ ಊದಿಕೊಳ್ಳುವುದು ಸಾಮಾನ್ಯ, ಅದೊಂದನ್ನೇ ಹಿಡಿದು ಗಾಬರಿಯಾಗಬೇಕಿಲ್ಲ. ಆದರೆ ಬರಿಯ ನೀರನ್ನು ಸ್ವಲ್ಪ ಸಮಯದಲ್ಲಿ ಬಹಳ ಕುಡಿದ ಮೇಲೆ ಬೆರಳು ಊದಿ, ತಲೆ ನೋಯ್ದು, ವಾಕರಿಕೆ ಬಂದರೆ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ಇಳಿದಿರುವ ಸಾಧ್ಯತೆಯನ್ನು ಯೋಚಿಸಲೇಬೇಕು. ಪತ್ರ ಓದಿ ನಾನು ಅದನ್ನು ಖಚಿತವಾಗಿ ಹೇಳಲಾರೆ, ಆದರೆ ಲಕ್ಷಣಗಳು ಆ ದಿಕ್ಕಿನವು. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಕಡಿಮೆಯಿತ್ತು, ಓಟದ ವೇಳೆ ತೂಕ ಕಳೆದುಕೊಳ್ಳುವ ಬದಲು ಹೆಚ್ಚಿಸಿಕೊಂಡವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ, ಅದು ವಿಶೇಷವಾಗಿ ಕಂಡಿತು. ನೀರು ಕುಡಿದಷ್ಟೂ ಒಳ್ಳೆಯದು ಎಂಬ ಮಾತನ್ನು ಓಟಗಾರರಿಗೆ ಹೇಳಿಕೊಟ್ಟವರಲ್ಲಿ ನಾನೂ ಒಬ್ಬ, ಅದಕ್ಕಾಗಿ ನನಗೆ ವಿಷಾದವಿದೆ. ಬಾಯಾರಿದಾಗ ಗುಟುಕು ಗುಟುಕಾಗಿ ಕುಡಿಯಿರಿ, ನಿಮ್ಮ ಎರಡು ಬಾಟಲಿಗಳಲ್ಲಿ ಒಂದಕ್ಕೆ ಓ.ಆರ್.ಎಸ್. ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದ ಅಳತೆಯಲ್ಲೇ ಬೆರೆಸಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದಂತೆ ಒಂದು ಲೀಟರ್ ನೀರಿಗೆ ಹೋಗುವ ಪುಡಿಯಲ್ಲಿ 2.6 ಗ್ರಾಂ ಅಡುಗೆ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತವೆ. ಆ ಲೈನ್ ಮನೆಯ ತಾಯಿ ಕೊಟ್ಟ ಉಪ್ಪಿನ ಶರಬತ್ತು ಅಂದು ನಿಮಗೆ ದೊರೆತ ಅತ್ಯಂತ ಒಳ್ಳೆಯ ಚಿಕಿತ್ಸೆ. ಐಬುಪ್ರೊಫೇನ್ ಮಾತ್ರ ಮತ್ತೆಂದೂ ಓಟದ ನಡುವೆ ನುಂಗಬೇಡಿ: ಗಂಟೆಗಟ್ಟಲೆ ಓಡಿದ ದೇಹದಲ್ಲಿ ಮೂತ್ರಪಿಂಡಕ್ಕೆ ಹರಿಯುವ ರಕ್ತ ಮೊದಲೇ ಕಡಿಮೆಯಾಗಿರುತ್ತದೆ, ಈ ಗುಂಪಿನ ಮಾತ್ರೆಗಳು ಅದನ್ನು ಇನ್ನಷ್ಟು ಕಡಿಮೆ ಮಾಡುತ್ತವೆ, ಸೋಡಿಯಂ ಇಳಿಯುವ ಅಪಾಯವನ್ನೂ ಹೆಚ್ಚಿಸುತ್ತವೆ.

ತೋಟದಲ್ಲಿ ದಾರಿ ತಪ್ಪುವುದು ಹೇಗೆಂಬುದು ನನಗೆ ಚೆನ್ನಾಗಿ ಗೊತ್ತು. ಎರಡೂ ಬದಿ ಆಳೆತ್ತರದ ಕಾಫಿ ಗಿಡ, ಮೇಲೆ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್, ಪ್ರತಿ ಕವಲೂ ಹಿಂದಿನ ಕವಲಿನಂತೆಯೇ ಕಾಣುತ್ತದೆ. ದೂರದ ಬೆಟ್ಟವನ್ನು ನೋಡಿ ದಿಕ್ಕು ತಿಳಿಯೋಣವೆಂದರೆ ನೆರಳಿನ ಮರಗಳು ಬಿಡುವುದಿಲ್ಲ. ಹಲವು ವರ್ಷಗಳ ಹಿಂದೆ ಇಂಥದೇ ತೋಟದಲ್ಲಿ ನಾನು ಒಂದೇ ತೊಟ್ಟಿಯ ಮುಂದೆ ಮೂರು ಸಲ ಬಂದು ನಿಂತಿದ್ದೆ, ಮೂರನೆಯ ಸಲ ಹಣ್ಣು ಕೀಳುತ್ತಿದ್ದ ಹೆಂಗಸೊಬ್ಬರು ಕೈಹಿಡಿದು ಕರೆದುಕೊಂಡು ಹೋದಂತೆ ಕಣದವರೆಗೂ ಬಂದು ದಾರಿ ತೋರಿಸಿದರು. ಅಂದಿನಿಂದ ಎರಡು ಅಭ್ಯಾಸಗಳನ್ನು ಬಿಟ್ಟಿಲ್ಲ. ಕವಲು ದಾಟಿದ ಕೂಡಲೇ ಒಮ್ಮೆ ಹಿಂತಿರುಗಿ ನೋಡುತ್ತೇನೆ, ಏಕೆಂದರೆ ವಾಪಸು ಬರುವಾಗ ಕಾಣುವುದು ಆ ನೋಟವೇ ಹೊರತು ಹೋಗುವಾಗ ಕಂಡದ್ದಲ್ಲ. ಗುರುತಿನ ವಸ್ತು ಐದು ನಿಮಿಷದೊಳಗೆ ಸಿಗದಿದ್ದರೆ, ಮುಂದೆ ಸಿಕ್ಕೀತೆಂದು ಹೋಗದೆ ಕವಲಿಗೆ ಮರಳುತ್ತೇನೆ. ನೀವು ಆ ನಿಯಮ ಪಾಲಿಸಿದ್ದರೆ ಅಷ್ಟು ಕೆಳಗೆ ಇಳಿಯುತ್ತಿರಲಿಲ್ಲ. ಕೊಯ್ಲಿನ ಸಮಯದಲ್ಲಿ ತೋಟಕ್ಕೆ ಹೋಗುವಾಗ, ಪರಿಚಯವಿದ್ದರೂ, ರೈಟರಿಗೋ ಮೇಸ್ತ್ರಿಗೋ ಒಂದು ಮಾತು ಹೇಳಿ ಹೋಗುವುದು ಮರ್ಯಾದೆಯೂ ಹೌದು, ರಕ್ಷಣೆಯೂ ಹೌದು. ಅರಣ್ಯ ಇಲಾಖೆಯ ಅನುಮತಿ ಬೇಕಾದ ಹಾದಿಗಳಿಗೆ ಅನುಮತಿಯಿಲ್ಲದೆ ಕಾಲಿಡಬೇಡಿ.

ಸಿಗ್ನಲ್ ಸಿಗದ ಜಾಗದಲ್ಲಿ ಫೋನ್ ಸದಾ ಟವರ್ ಹುಡುಕುತ್ತಾ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ. ಏರೋಪ್ಲೇನ್ ಮೋಡಿನಲ್ಲಿಟ್ಟರೂ ಜಿಪಿಎಸ್ ಕೆಲಸ ಮಾಡುತ್ತದೆ, ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿದ್ದರೆ ಸಾಕು. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆಯದು ಸಿಗುವಲ್ಲಿ 112ಕ್ಕೆ ಕರೆ ಹೋಗಬಹುದೆಂಬುದನ್ನು ನೆನಪಿಡಿ, ಅದಕ್ಕೂ ಬ್ಯಾಟರಿ ಉಳಿದಿರಬೇಕು.

ಇನ್ನು ನಿಮ್ಮ ಯಜಮಾನರ ವಿಷಯ. ಅವರು ನೀವಿಲ್ಲದ ಗಿರಿಯಲ್ಲಿ ನಿಮ್ಮನ್ನು ಹುಡುಕುತ್ತಿದ್ದರು ಎಂಬ ಸಾಲನ್ನು ಓದುವಾಗ ನನಗೆ ಬಹಳ ಸಂಕಟವಾಯಿತು. ಹೊರಡುವ ಮುನ್ನ ಒಂದು ಹಾಳೆಯಲ್ಲಿ ಹೋಗುವ ದಾರಿ, ದಾಟುವ ಊರುಗಳು, ತೋಟದವರ ಫೋನ್ ಸಂಖ್ಯೆ, ಇಷ್ಟು ಗಂಟೆಗೆ ಕರೆ ಬಾರದಿದ್ದರೆ ಯಾರಿಗೆ ಹೇಳಬೇಕು ಎಂಬುದನ್ನು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ಆ ಗಂಟೆಯನ್ನು ಗೊತ್ತುಮಾಡಲು ನಿಮ್ಮ ಓಟದ ವೇಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಹೇಳಿದ ಲೆಕ್ಕವೊಂದಿದೆ: ಮೂರು ಮೈಲಿಗೆ ಒಂದು ಗಂಟೆ, ಎರಡು ಸಾವಿರ ಅಡಿ ಏರಿಗೆ ಮತ್ತೊಂದು ಗಂಟೆ. ಅಂದರೆ ಐದು ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು. ನಿಮ್ಮ ದಾರಿಯ ತೀರಾ ದೂರದ ಬಿಂದು 18 ಕಿಲೋಮೀಟರ್ ಆಚೆಗಿದೆ ಎಂದುಕೊಳ್ಳೋಣ. ಅಲ್ಲಿ ಓಡಲಾಗದೆ ನಡೆದೇ ಮರಳಬೇಕಾದರೆ, ನಡುವೆ 300 ಮೀಟರ್ ಏರು ಸಿಕ್ಕರೂ, ಗಟ್ಟಿ ಕಾಲಿನವರಿಗೇ ನಾಲ್ಕು ಗಂಟೆ ಮೀರುತ್ತದೆ, ಕುಂಟುವವರಿಗೆ ಆರಾದರೂ ಬೇಕು. ನವೆಂಬರಿನಲ್ಲಿ ನಮ್ಮಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಕಣಿವೆಯ ತೋಟದಲ್ಲಿ ಅದಕ್ಕೂ ಮೊದಲೇ ಕತ್ತಲು. ಕಾಟಿ (ಕಾಡುಕೋಣ), ಆನೆ ಓಡಾಡುವ ಕಡೆ ಕತ್ತಲಲ್ಲಿ ಒಂಟಿಯಾಗಿರುವುದು ಸರಿಯಲ್ಲ. ಹಾಗಾಗಿ ಏಳೂವರೆಗೆ ಹೊರಟ ದಿನ 36 ಕಿಲೋಮೀಟರಿನ ಓಟವನ್ನು ಕವಿಕಲ್ ಗಂಡಿಯವರೆಗಿನ ಓಟವನ್ನಾಗಿ ಇಳಿಸಬೇಕಿತ್ತು. ಗೆಳತಿಗೆ ಜ್ವರ ಬಂದ ಬೆಳಿಗ್ಗೆ ಮನೆಯಲ್ಲೇ ಕುಳಿತು ತೆಗೆದುಕೊಳ್ಳಬೇಕಾದ ತೀರ್ಮಾನ ಅದು.

ಶೂ ಬಗ್ಗೆ ಎರಡೇ ಮಾತು. ಎತ್ತರದ ಶೂ ಹರಡನ್ನು ಕಾಯುತ್ತದೆಂದು ನಂಬಿ ಹಣ ಹಾಕಬೇಡಿ. ಅಡಿಯಲ್ಲಿ ಚೆನ್ನಾಗಿ ಹಿಡಿಯುವ ಉಬ್ಬುಗಳಿರುವ, ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಒತ್ತದಂತೆ ಸ್ವಲ್ಪ ಸಡಿಲ ಅಳತೆಯ ಶೂ ಸಾಕು. ಮರಳು ಸೇರಿದ್ದು ಗೊತ್ತಾದ ಆ ಕ್ಷಣವೇ ಕುಳಿತು ಶೂ ಬಿಚ್ಚಿ ಕೊಡವಿ, ಬಿಸಿಯೆನಿಸುವ ಜಾಗಕ್ಕೆ ಟೇಪ್ ಹಚ್ಚಿಕೊಳ್ಳಿ. ಎರಡು ನಿಮಿಷದ ಕೆಲಸ.

ಫೆಬ್ರವರಿಯ ಓಟವನ್ನು ಇಂದೇ ಕೈಬಿಡಬೇಕಾಗಿಲ್ಲ. ಸಣ್ಣ ಉಳುಕು ಎರಡು ಮೂರು ವಾರಗಳಲ್ಲಿ, ಅದಕ್ಕಿಂತ ಹೆಚ್ಚಿನದು ಒಂದೂವರೆ ತಿಂಗಳಲ್ಲಿ ವಾಸಿಯಾಗುತ್ತದೆ. ನೋವು ಇಳಿದ ಮೇಲೆ ಬೆಳಿಗ್ಗೆ ಹಲ್ಲುಜ್ಜುವಾಗ ಉಳುಕಿದ ಕಾಲಿನ ಮೇಲೊಂದೇ ನಿಲ್ಲುವ ಅಭ್ಯಾಸ ಮಾಡಿ, ನಂತರ ಕಣ್ಣು ಮುಚ್ಚಿ ನಿಲ್ಲಿ. ಉಳುಕಿದಾಗ ಹರಡು ತನ್ನ ಸಮತೋಲದ ಅರಿವನ್ನು ಕಳೆದುಕೊಳ್ಳುತ್ತದೆ, ಅದನ್ನು ಮರಳಿ ಕಲಿಸದವರಿಗೇ ಅದೇ ಕಾಲು ಮತ್ತೆ ಮತ್ತೆ ಉಳುಕುವುದು. ಆ ಕಾಲೊಂದರಲ್ಲೇ ಹತ್ತು ಸಲ ನೋವಿಲ್ಲದೆ ಕುಪ್ಪಳಿಸಲು ಬಂದ ಮೇಲೆ ಓಟ ಶುರು ಮಾಡಿ. ಜನವರಿಯ ಮಧ್ಯಕ್ಕೂ ಅದು ಸಾಧ್ಯವಾಗದಿದ್ದರೆ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಮೊದಲ ಗುಡ್ಡದ ಓಟ ಮಾತ್ರ ಇದೇ ದಾರಿಯದಾಗಿರಲಿ: ಕೈಮರದಿಂದ ಗಂಡಿಯವರೆಗೆ, ಗೆಳತಿಯೊಡನೆ, ಜಾಕೆಟ್ ಬೆನ್ನಿಗಿಟ್ಟುಕೊಂಡು. ಗಂಡಿಯ ಗಾಳಿಯಲ್ಲಿ ನಿಂತು ಚೀಲ ತೆಗೆದು ತಿಂದು ನೋಡಿ.

ಪ್ರಶ್ನೆ: ಹಾಸನದ ಸಮತಟ್ಟಾದ ರಸ್ತೆಗಳಲ್ಲಿ ವಾರಕ್ಕೆ 50 ಕಿ.ಮೀ. ಓಡುತ್ತೇನೆ. ಸ್ನೇಹಿತರೊಂದಿಗೆ ಮುಳ್ಳಯ್ಯನಗಿರಿಗೆ ಹತ್ತಿ ಓಡುತ್ತಾ ಇಳಿದೆ. ಹತ್ತುವಾಗ ಏನೂ ಆಗಲಿಲ್ಲ, ಮರುದಿನದಿಂದ ಮೆಟ್ಟಿಲು ಇಳಿಯಲಾಗದಷ್ಟು ತೊಡೆ ನೋವು. ಏನು ತಪ್ಪು ಮಾಡಿದೆ?
— ಓದುಗ, ಹಾಸನ

ಉತ್ತರ: ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಪ್ರತಿ ಹೆಜ್ಜೆಯಲ್ಲೂ ದೇಹದ ಭಾರಕ್ಕೆ ಬ್ರೇಕ್ ಹಾಕುತ್ತವೆ, ಅಂದರೆ ಸಂಕುಚಿಸುತ್ತಲೇ ಉದ್ದವಾಗುತ್ತವೆ. ಸಮತಟ್ಟಿನಲ್ಲಿ ಅವುಗಳಿಗೆ ಈ ಕೆಲಸ ಅಷ್ಟಾಗಿ ಬೀಳುವುದಿಲ್ಲವಾದ್ದರಿಂದ ಎಳೆಗಳಲ್ಲಿ ಸೂಕ್ಷ್ಮ ಸೀಳುಗಳಾಗಿ, ನೋವು ಒಂದರಿಂದ ಮೂರನೆಯ ದಿನದ ನಡುವೆ ಶಿಖರಕ್ಕೇರಿ ತಾನಾಗಿ ಇಳಿಯುತ್ತದೆ. ಒಳ್ಳೆಯ ಸಂಗತಿಯೆಂದರೆ ಒಮ್ಮೆ ಹೀಗಾದ ಸ್ನಾಯು ಮುಂದಿನ ಕೆಲವು ವಾರ ಅಂಥದೇ ಇಳಿಜಾರನ್ನು ಬಹಳ ಕಡಿಮೆ ನೋವಿನಿಂದ ತಾಳಿಕೊಳ್ಳುತ್ತದೆ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ ನಿಮ್ಮ ಊರಿನ ಸೀಗೆಗುಡ್ಡದ ಕಡೆಯ ಯಾವುದಾದರೂ ಇಳಿಜಾರಿನಲ್ಲಿ, ಮೊದಲು ಐದು ನಿಮಿಷ, ನಂತರ ಹತ್ತು ನಿಮಿಷ, ಸಣ್ಣ ಸಣ್ಣ ಹೆಜ್ಜೆಯಲ್ಲಿ ಇಳಿಯುವುದನ್ನೇ ಅಭ್ಯಾಸ ಮಾಡಿ. ಉದ್ದ ಹೆಜ್ಜೆ ಹಾಕಿ ಹಿಮ್ಮಡಿ ಕುಟ್ಟುತ್ತಾ ಇಳಿಯುವುದೇ ಹೆಚ್ಚು ಹಾನಿ ಮಾಡುವುದು. ನೋವಿನ ಜೊತೆಗೆ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದನ್ನು ಸಾಮಾನ್ಯ ನೋವೆಂದು ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮಳೆಗಾಲದ ಓಟದಲ್ಲಿ ಕಾಲಿಗೆ ಇಂಬಳ (ಜಿಗಣೆ) ಹತ್ತಿದ್ದನ್ನು ನೋಡಿ, ಓಡುತ್ತಲೇ ಬಗ್ಗಿ ಕೀಳಲು ಹೋಗಿ ಬಿದ್ದು ಮಂಡಿ ಒಡೆದುಕೊಂಡೆ. ಕಿತ್ತ ಜಾಗದಿಂದ ಬಹಳ ಹೊತ್ತು ರಕ್ತ ಬಂತು. ಅಪಾಯವಿದೆಯೆ?
— ಓದುಗ, ಸಕಲೇಶಪುರ

ಉತ್ತರ: ಮಂಡಿಯ ಗಾಯವೇ ಇಂಬಳಕ್ಕಿಂತ ದೊಡ್ಡದು, ಮಣ್ಣು ತಾಗಿದ್ದರೆ ಟಿಟಿ ಚುಚ್ಚುಮದ್ದು ಯಾವಾಗ ಹಾಕಿಸಿಕೊಂಡಿರೆಂದು ವೈದ್ಯರಿಗೆ ತಿಳಿಸಿ. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್ ಎಂಬ ಅಂಶವಿರುವುದರಿಂದ ಅದು ಬಿಟ್ಟ ಮೇಲೂ ರಕ್ತ ಜಿನುಗುತ್ತದೆ, ತೊಳೆದು ಒತ್ತಿ ಹಿಡಿದರೆ ನಿಲ್ಲುತ್ತದೆ. ಮುಂದಿನ ಸಲ ನಿಂತು, ಉಗುರಿನಿಂದ ಅದರ ಬಾಯಿಯ ಅಂಚನ್ನು ಸರಿಸಿ ಬಿಡಿಸಿ. ಹೆಚ್ಚು ಎಚ್ಚರ ಬೇಕಾದದ್ದು ರಕ್ತ ಹೀರುವ ಉಣ್ಣೆ ಹುಳದ ಬಗ್ಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಅದೇ, ಚಿಕ್ಕಮಗಳೂರು ಜಿಲ್ಲೆಯಲ್ಲೂ ಅದು ಕಾಣಿಸಿಕೊಂಡಿದೆ. ಅದರ ಕಾಲ ಮಳೆಗಾಲವಲ್ಲ, ಡಿಸೆಂಬರಿನಿಂದ ಮೇವರೆಗಿನ ಒಣ ತಿಂಗಳುಗಳು, ಅಂದರೆ ನಮ್ಮ ದೀರ್ಘ ಓಟಗಳ ಕಾಲವೇ. ಆ ದಿನಗಳಲ್ಲಿ ಉದ್ದ ಕಾಲುಚೀಲ ಹಾಕಿ, ಉಣ್ಣೆ ಹತ್ತದಂತೆ ತಡೆಯಲು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಸವರಿಕೊಂಡು ಹೋಗಿ. ಮನೆಗೆ ಬಂದ ತಕ್ಷಣ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ, ಮಂಡಿಯ ಹಿಂದೆ, ಕಂಕುಳಲ್ಲಿ, ಸೊಂಟಪಟ್ಟಿಯ ಕೆಳಗೆ ಕನ್ನಡಿ ಹಿಡಿದು ನೋಡಿಕೊಳ್ಳಿ. ಸತ್ತ ಮಂಗ ಕಂಡ ದಾರಿಯಲ್ಲಿ ಓಡಬೇಡಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆ ಜಾಗವನ್ನು ತಿಳಿಸಿ.